ದೂರಶಿಕ್ಷಣದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್: ಪಾಠ ಮನೆಗೆ ಬಂತು, ಹೋಟೆಲ್ ಎಲ್ಲಿದೆ?

ಹಾಸಿಗೆಯ ಮೂಲೆ ಮಡಿಸುವುದನ್ನು ಕಲಿಯಲು ನನಗೆ ಹನ್ನೊಂದು ದಿನ ಬೇಕಾಯಿತು.

ಬೆಡ್‌ಶೀಟಿನ ತುದಿಯನ್ನು ಕಾಲಿನ ಕಡೆ ಹಾಸಿಗೆಯ ಅಡಿಗೆ ಸೇರಿಸಬೇಕು. ಪಕ್ಕದಲ್ಲಿ ಇಳಿಬಿದ್ದ ಬಟ್ಟೆಯನ್ನು ಮೂಲೆಯಿಂದ ಒಂದಡಿ ಆಚೆ ಹಿಡಿದು ಮೇಲೆತ್ತಬೇಕು. 45 ಡಿಗ್ರಿ ಓರೆ ಬರುವಂತೆ ಅದನ್ನು ಹಾಸಿಗೆಯ ಮೇಲೆ ಮಲಗಿಸಿ, ಕೆಳಗೆ ಉಳಿದದ್ದನ್ನು ಒಳಗೆ ತಳ್ಳಿ, ಮೇಲಿನದ್ದನ್ನು ಇಳಿಸಿ ಬಿಗಿಯಾಗಿ ಸಿಕ್ಕಿಸಬೇಕು. ಬರೆದರೆ ನಾಲ್ಕೇ ಸಾಲು. ಪುಸ್ತಕದಲ್ಲಿ ಚಿತ್ರವೂ ಇತ್ತು. ಆ ನಾಲ್ಕು ಸಾಲು ನನಗೆ ಬಾಯಿಪಾಠ ಬರುತ್ತಿತ್ತು. ಆದರೆ ಮೊದಲ ದಿನ ನಾನು ಮಡಿಸಿದ ಮೂಲೆಯನ್ನು ಸೂಪರ್‌ವೈಸರ್ ಎರಡು ಬೆರಳಲ್ಲಿ ಹಿಡಿದು ಎಳೆದರು, ಅಷ್ಟೇ. ಇಡೀ ಶೀಟ್ ಸಡಿಲವಾಗಿ ಈಚೆ ಬಂತು. "ಇನ್ನೊಂದ್ಸಲ" ಎಂದರು. ಹಾಗೆ ಹತ್ತು ದಿನ ನಡೆಯಿತು. ಹನ್ನೊಂದನೇ ದಿನ ಅವರು ಎಳೆದು ನೋಡಲಿಲ್ಲ. ಅಂಗೈಯಿಂದ ಒಮ್ಮೆ ಸವರಿ ಪಕ್ಕದ ಕೋಣೆಗೆ ಹೋದರು.

ಹತ್ತನೇ ದಿನಕ್ಕೂ ಹನ್ನೊಂದನೇ ದಿನಕ್ಕೂ ನಡುವೆ ಏನು ಬದಲಾಯಿತು ಅಂತ ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ಮಣಿಕಟ್ಟು ತಿರುಗುವ ರೀತಿ ಇರಬಹುದು. ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸುವ ಅಭ್ಯಾಸ ಇರಬಹುದು. ನಾವು ಅದನ್ನು 'ಕೈ ಪಳಗುವುದು' ಅಂತೀವಿ. ಹೋಟೆಲ್ ಮ್ಯಾನೇಜ್‌ಮೆಂಟನ್ನು ದೂರಶಿಕ್ಷಣದಲ್ಲಿ ಕಲಿಯಬಹುದಾ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಮೂಲೆ.

ಈ ಪ್ರಶ್ನೆ ಈಗ ಜಾಸ್ತಿ ಬರುತ್ತಿದೆ. ಕೇಳುವವರಲ್ಲಿ ಪಿಯುಸಿ ಮುಗಿಸಿದ ಹುಡುಗರಿದ್ದಾರೆ. ಹಗಲು ಬೇರೆ ಕೆಲಸ ಮಾಡುತ್ತಾ ಕ್ಷೇತ್ರ ಬದಲಿಸಬೇಕು ಅನ್ನುವವರಿದ್ದಾರೆ. ಕಾಲೇಜಿನ ಫೀಸು ಕಟ್ಟಲಾಗದವರು, ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳು, ಹತ್ತು ವರ್ಷದಿಂದ ಹೋಟೆಲಿನಲ್ಲೇ ದುಡಿಯುತ್ತಿದ್ದರೂ ಸರ್ಟಿಫಿಕೇಟ್ ಇಲ್ಲದೆ ಬಡ್ತಿ ಸಿಗದವರೂ ಇದ್ದಾರೆ. ಇಷ್ಟು ಬೇರೆ ಬೇರೆ ಜನಕ್ಕೆ ಒಂದೇ ಉತ್ತರ ಕೊಡುವುದು ತಪ್ಪು. ಅದಕ್ಕೇ ನಾನು ಮೊದಲು ಒಂದು ಪ್ರಶ್ನೆ ತಿರುಗಿ ಕೇಳುತ್ತೇನೆ: "ನೀವು ಈಗ ಯಾವುದಾದರೂ ಹೋಟೆಲಿನಲ್ಲಿ ಕೆಲಸ ಮಾಡ್ತಿದ್ದೀರಾ?" ಹೌದು ಅಂದರೆ ನನ್ನ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಇಲ್ಲ ಅಂದರೆ ಕೂತು ಮಾತಾಡಬೇಕಾದ್ದು ತುಂಬಾ ಇರುತ್ತದೆ.

ಹೋಟೆಲ್ ಕೆಲಸವನ್ನು ಮನೆಯಿಂದಲೇ ಕಲಿಸುತ್ತೇವೆ ಅನ್ನುವುದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಯೋಚನೆ ಅಂದುಕೊಳ್ಳಬೇಡಿ. 1920ರ ದಶಕದ ಅಮೆರಿಕದ ಪತ್ರಿಕೆಗಳಲ್ಲೇ ವಾಷಿಂಗ್ಟನ್ನಿನ ಲೂಯಿಸ್ ಹೋಟೆಲ್ ಟ್ರೇನಿಂಗ್ ಸ್ಕೂಲ್‌ನ ಜಾಹೀರಾತುಗಳು ಬರುತ್ತಿದ್ದವು. ಅಂಚೆಯಲ್ಲಿ ಪಾಠ ಕಳಿಸುತ್ತೇವೆ, ಬಿಡುವಿನಲ್ಲಿ ಓದಿ, ಹೋಟೆಲಿನಲ್ಲಿ ಒಳ್ಳೆಯ ಕೆಲಸಕ್ಕೆ ಸೇರಿ ಅನ್ನುವ ಧಾಟಿ. ನಮ್ಮಲ್ಲಿ 'ಅಂಚೆ ತೆರಪಿನ ಶಿಕ್ಷಣ' ಅನ್ನುತ್ತಿದ್ದೆವಲ್ಲ, ಅದೇ. ಇವತ್ತಿನ ಜಾಹೀರಾತುಗಳಲ್ಲಿ ಅಂಚೆಯ ಜಾಗಕ್ಕೆ ಮೊಬೈಲ್ ಬಂದಿದೆ. ಮಾತು ಹೆಚ್ಚೇನೂ ಬದಲಾಗಿಲ್ಲ.

ಆದರೆ ಹೋಟೆಲ್ ಶಿಕ್ಷಣದ ದೊಡ್ಡ ಹೆಸರುಗಳು ಬೆಳೆದ ದಾರಿ ಬೇರೆ. ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನಲ್ಲಿ 1893ರಲ್ಲಿ ಶುರುವಾದ ಶಾಲೆಯನ್ನು ಜಗತ್ತಿನ ಅತಿ ಹಳೆಯ ಹೋಟೆಲ್ ಶಾಲೆ ಅನ್ನುತ್ತಾರೆ. ಅದರ ಮೊದಲ ತರಗತಿ ನಡೆದದ್ದೇ ಒಂದು ಹೋಟೆಲಿನ ಒಳಗೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1922ರಲ್ಲಿ ಹೋಟೆಲ್ ಶಿಕ್ಷಣ ಶುರುವಾಯಿತು. ಆಗಿನ ಕಾಲದ ದೊಡ್ಡ ಹೋಟೆಲ್ ಮಾಲೀಕ ಎಲ್ಸ್‌ವರ್ತ್ ಸ್ಟ್ಯಾಟ್ಲರ್‌ಗೆ ಇದರ ಮೇಲೆ ನಂಬಿಕೆಯೇ ಇರಲಿಲ್ಲ. ಆತ 13ನೇ ವಯಸ್ಸಿಗೆ ಬೆಲ್‌ಬಾಯ್ ಆಗಿ ಸೇರಿ, ಗಿರಾಕಿಗಳ ಪೆಟ್ಟಿಗೆ ಹೊತ್ತು ಮೇಲೆ ಬಂದವನು. ಹೋಟೆಲ್ ಕೆಲಸವನ್ನು ಕಾಲೇಜಿನಲ್ಲಿ ಕಲಿಸುವುದಾದರೂ ಏನು ಅನ್ನುವುದು ಅವನ ವಾದ. ಕಾರ್ನೆಲ್ಲಿನ ವಿದ್ಯಾರ್ಥಿಗಳು 1926ರಿಂದ ವರ್ಷಕ್ಕೊಮ್ಮೆ ತಾವೇ ಒಂದು ತಾತ್ಕಾಲಿಕ ಹೋಟೆಲ್ ನಡೆಸಿ, ನಿಜವಾದ ಅತಿಥಿಗಳನ್ನು ಉಪಚರಿಸಲು ಶುರು ಮಾಡಿದರು. ಅದನ್ನು ಕಣ್ಣಾರೆ ನೋಡಿದ ಮೇಲೆ ಸ್ಟ್ಯಾಟ್ಲರ್ ಮನಸ್ಸು ಬದಲಾಯಿತು. ಮುಂದೆ ಅವನ ಹೆಸರಿನ ಪ್ರತಿಷ್ಠಾನದ ಹಣದಲ್ಲಿ ಆ ಶಾಲೆಗೆ ಕಟ್ಟಡ ಎದ್ದಿತು. 1950ರಲ್ಲಿ ತೆರೆದ ಆ ಕಟ್ಟಡದಲ್ಲಿ ಪಾಠದ ಕೋಣೆಗಳ ಜೊತೆಗೆ ಅತಿಥಿಗಳು ತಂಗುವ ನಿಜವಾದ ಕೋಣೆಗಳೂ ಇದ್ದವು. ಅಷ್ಟು ದೊಡ್ಡ ವಿಶ್ವವಿದ್ಯಾಲಯಕ್ಕೂ ಹೋಟೆಲ್ ಕಲಿಸಲು ಹೋಟೆಲನ್ನೇ ಕಟ್ಟಬೇಕಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ದೂರಶಿಕ್ಷಣ ದಂಡ ಅಂತಲ್ಲ. ಈ ಓದಿನಲ್ಲಿ ಮೇಜಿನ ಮುಂದೆ ಕೂತು ಕಲಿಯುವ ಭಾಗ ದೊಡ್ಡದೇ ಇದೆ. ನಿಜ ಹೇಳಬೇಕೆಂದರೆ, ಬರೀ ಕೆಲಸ ಮಾಡಿ ಮೇಲೆ ಬಂದವರಲ್ಲಿ ಕಾಣುವ ಕೊರತೆಯೂ ಅದೇ ಭಾಗದ್ದು.

ಒಂದು ಲೆಕ್ಕ ನೋಡಿ. ನೂರು ಕೋಣೆಗಳ ಹೋಟೆಲ್. ಒಂದು ರಾತ್ರಿ 90 ಕೋಣೆ ತುಂಬಿವೆ, ಸರಾಸರಿ ಬಾಡಿಗೆ 750. ಯಾವ ದೇಶದ ಹಣವಾದರೂ ಸರಿ. ಇನ್ನೊಂದು ರಾತ್ರಿ 70 ಕೋಣೆ ಮಾತ್ರ ತುಂಬಿವೆ, ಸರಾಸರಿ ಬಾಡಿಗೆ 1000. ಹತ್ತು ವರ್ಷದಿಂದ ಫ್ರಂಟ್ ಆಫೀಸಿನಲ್ಲಿ, ಅಂದರೆ ಅತಿಥಿಗಳನ್ನು ಬರಮಾಡಿಕೊಳ್ಳುವ ಕೌಂಟರಿನಲ್ಲಿ, ನಿಂತವರನ್ನು ಯಾವ ರಾತ್ರಿ ಚೆನ್ನಾಗಿತ್ತು ಅಂತ ಕೇಳಿದರೆ ಬಹಳಷ್ಟು ಜನ ಮೊದಲನೆಯದು ಅನ್ನುತ್ತಾರೆ. ಲಾಬಿ ತುಂಬಿತ್ತು, ಬೀಗದ ಕೈಗಳೆಲ್ಲ ಖಾಲಿಯಾಗಿದ್ದವು, ಅಲ್ವಾ? ಆದರೆ ಮೊದಲ ರಾತ್ರಿ ಬಂದದ್ದು 67,500. ಎರಡನೆಯ ರಾತ್ರಿ 70,000. ಇರುವ ನೂರು ಕೋಣೆಗೂ ಹಂಚಿದರೆ ಒಂದರಲ್ಲಿ 675, ಇನ್ನೊಂದರಲ್ಲಿ 700. ಇದನ್ನೇ ಈ ವೃತ್ತಿಯಲ್ಲಿ ರೆವ್‌ಪಾರ್ ಅನ್ನುತ್ತಾರೆ, ಅಂದರೆ ಲಭ್ಯವಿರುವ ಪ್ರತಿ ಕೋಣೆಗೆ ಬಂದ ಆದಾಯ. ಅದೂ ಅಲ್ಲದೆ ಎರಡನೆಯ ರಾತ್ರಿ ಇಪ್ಪತ್ತು ಕೋಣೆಯ ಬಟ್ಟೆ ಒಗೆಯುವ, ಸ್ನಾನದ ಮನೆ ತೊಳೆಯುವ ಖರ್ಚೂ ಉಳಿಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಜಾಸ್ತಿ ಅತಿಥಿಗಳು ಇದ್ದ ರಾತ್ರಿ ರೆಸ್ಟೋರೆಂಟಿನ ವ್ಯಾಪಾರ ಹೆಚ್ಚಿರಬಹುದು, ಅದನ್ನೂ ಕೂಡಬೇಕು. ಹೀಗೆ ಕೂಡಿ ಕಳೆದು ಯೋಚಿಸುವುದನ್ನು ಕಲಿಯಲು ಒಂದು ಪೆನ್ನು, ಒಂದು ಒಳ್ಳೆಯ ಪಾಠ ಸಾಕು. ಹೋಟೆಲಿನೊಳಗೆ ನಿಲ್ಲಲೇಬೇಕು ಅಂತಿಲ್ಲ.

ಲೆಕ್ಕಪತ್ರವೂ ಹಾಗೆಯೇ. ಹೋಟೆಲುಗಳ ಲೆಕ್ಕ ಬರೆಯಲು ಒಂದೇ ಬಗೆಯ ಪದ್ಧತಿ 1926ರಲ್ಲಿ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಅದರ ಹೊಸ ಹೊಸ ಆವೃತ್ತಿಗಳು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಕಾರ್ಮಿಕ ಕಾನೂನು, ಮಾರ್ಕೆಟಿಂಗ್, ಒಂದು ತಟ್ಟೆ ಊಟಕ್ಕೆ ಬೀಳುವ ಖರ್ಚಿನ ಲೆಕ್ಕ, ಮೆನು ಬೆಲೆ ನಿಗದಿ, ಭಾಷೆ ಇವೆಲ್ಲ ದೂರದಿಂದ ಕಲಿಯುವಂಥವೇ. ಬುಕಿಂಗ್, ಚೆಕ್‌ಇನ್, ಬಿಲ್ಲು ನೋಡಿಕೊಳ್ಳುವ ಸಾಫ್ಟ್‌ವೇರಿನ ಅಭ್ಯಾಸದ ಆವೃತ್ತಿ ಸಿಕ್ಕರೆ ಅದನ್ನೂ ಮನೆಯಲ್ಲೇ ರೂಢಿ ಮಾಡಿಕೊಳ್ಳಬಹುದು.

ಆಹಾರ ಸುರಕ್ಷತೆ ಮಾತ್ರ ಎರಡೂ ಕಡೆ ಕಾಲಿಟ್ಟ ವಿಷಯ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಬೇಯಿಸಿದ್ದನ್ನು ತಣಿಸುವಾಗ 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಸಬೇಕು. ಗಗನಯಾತ್ರಿಗಳ ಊಟಕ್ಕಾಗಿ 1960ರ ದಶಕದಲ್ಲಿ ನಾಸಾ ಜೊತೆ ಪಿಲ್ಸ್‌ಬರಿ ಕಂಪನಿ ರೂಪಿಸಿದ, ಆಹಾರ ಎಲ್ಲೆಲ್ಲಿ ಕೆಡಬಹುದು ಅಂತ ಮೊದಲೇ ಗುರುತಿಸಿ ತಡೆಯುವ ಹ್ಯಾಸಪ್ (HACCP) ಪದ್ಧತಿಯೇ ಇವತ್ತು ಹೋಟೆಲ್ ಅಡುಗೆಮನೆಗಳಲ್ಲಿ ನಡೆಯುತ್ತಿರುವುದು. ಇದನ್ನೆಲ್ಲ ಓದಿ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯಬಹುದು. ಆದರೆ ರಾತ್ರಿ ಹನ್ನೊಂದೂವರೆಗೆ, ಎಲ್ಲರಿಗೂ ಮನೆಗೆ ಹೋಗುವ ಅವಸರ ಇರುವಾಗ, ದೊಡ್ಡ ಪಾತ್ರೆಯಲ್ಲಿ ಉಳಿದದ್ದನ್ನು ಅಗಲವಾದ ಟ್ರೇಗಳಿಗೆ ಹರಡಿ, ಥರ್ಮಾಮೀಟರ್ ಚುಚ್ಚಿ, ಸಮಯ ಬರೆದಿಟ್ಟು ಹೋಗುವ ಶಿಸ್ತು ಬರುವುದು ಓದಿನಿಂದಲ್ಲ. ಪಕ್ಕದಲ್ಲಿ ನಿಂತ ಹಿರಿಯ ಅಡುಗೆಯವರು ದಿನಾ ಹಾಗೆ ಮಾಡುವುದನ್ನು ನೋಡಿ ಬರುತ್ತದೆ. ಅವರು ಮಾಡದೇ ಇದ್ದರೆ ಇವರಿಗೂ ಬರುವುದಿಲ್ಲ.

2020ರಲ್ಲಿ ಕೊರೊನಾ ಬಂದಾಗ ಬಹುತೇಕ ದೇಶಗಳ ಹೋಟೆಲ್ ಶಾಲೆಗಳು ಬಾಗಿಲು ಹಾಕಿ ಪಾಠವನ್ನು ಆನ್‌ಲೈನಿಗೆ ತಂದವು. ಬೇಡ ಅಂದರೂ ಎಲ್ಲರೂ ದೂರಶಿಕ್ಷಣದವರಾದರು. ಆಗ ನಾನೂ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅಡುಗೆ ಪಾಠ ಮಾಡಿದೆ. ಈರುಳ್ಳಿ ಎಷ್ಟು ಕೆಂಪಗಾಗಬೇಕು ಅಂತ ತೋರಿಸುತ್ತಿದ್ದೆ. ಒಬ್ಬ ಹುಡುಗಿ "ಸರ್, ನನ್ನ ಫೋನಲ್ಲಿ ಅದು ಕಪ್ಪಾಗೇ ಕಾಣ್ತಿದೆ" ಎಂದಳು. ಇನ್ನೊಬ್ಬನಿಗೆ ಇನ್ನೂ ಬೆಳ್ಳಗೇ ಕಾಣುತ್ತಿತ್ತು. ಇದ್ದ ಬಾಣಲೆ ಒಂದೇ, ಆದರೆ ಮೂವತ್ತು ಪರದೆಯಲ್ಲಿ ಮೂವತ್ತು ಬಣ್ಣ. ಅಡುಗೆಮನೆಯಲ್ಲಿ ಆಗಿದ್ದರೆ ನಾನು ಬಣ್ಣದ ಮಾತೇ ಎತ್ತುತ್ತಿರಲಿಲ್ಲ. "ವಾಸನೆ ನೋಡಿ, ಸಿಹಿ ಬಂತಲ್ಲ, ಈಗ ಇಳಿಸಿ" ಅನ್ನುತ್ತಿದ್ದೆ. ವಾಸನೆ ಫೋನಿನಲ್ಲಿ ಹೋಗುವುದಿಲ್ಲ. ಎಣ್ಣೆಯ ಸದ್ದೂ ಸರಿಯಾಗಿ ಕೇಳುವುದಿಲ್ಲ. ಹಿಟ್ಟು ಹದಕ್ಕೆ ಬಂತಾ ಅಂತ ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಅದೇ ತಿಂಗಳುಗಳಲ್ಲಿ ಲೆಕ್ಕದ ಪಾಠ, ಆದಾಯ ನಿರ್ವಹಣೆಯ ಪಾಠ ಮಾತ್ರ ತರಗತಿಗಿಂತ ಚೆನ್ನಾಗಿ ನಡೆದವು. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದವರು ಚಾಟ್‌ನಲ್ಲಿ ಪ್ರಶ್ನೆ ಕೇಳತೊಡಗಿದರು. ಆ ವರ್ಷ ಯಾವುದು ದೂರದಿಂದ ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವ ಗೆರೆ ನನಗೆ ಸ್ಪಷ್ಟವಾಗಿ ಕಂಡಿತು.

ಬರದೇ ಇರುವುದರಲ್ಲಿ ಕೈಕೆಲಸ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಜನರ ಜೊತೆಗಿನದು. ಬಹುತೇಕ ಹೋಟೆಲುಗಳು ಇರುವುದಕ್ಕಿಂತ ಕೊಂಚ ಜಾಸ್ತಿ ಬುಕಿಂಗ್ ತೆಗೆದುಕೊಳ್ಳುತ್ತವೆ, ಕೆಲವರು ಕೊನೆಗಳಿಗೆಯಲ್ಲಿ ಬರುವುದಿಲ್ಲ ಅನ್ನುವ ಲೆಕ್ಕದಲ್ಲಿ. ಒಮ್ಮೊಮ್ಮೆ ಎಲ್ಲರೂ ಬಂದುಬಿಡುತ್ತಾರೆ. ರಾತ್ರಿ ಹನ್ನೊಂದಕ್ಕೆ, ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಬುಕಿಂಗ್ ಚೀಟಿ ಕೈಯಲ್ಲಿ ಹಿಡಿದ ಅತಿಥಿ ಎದುರು ನಿಂತಿದ್ದಾರೆ. ಕೋಣೆ ಇಲ್ಲ. ಪುಸ್ತಕದಲ್ಲಿ ಇದಕ್ಕೆ ಉತ್ತರ ಇದೆ: ಕ್ಷಮೆ ಕೇಳಿ, ಅದೇ ದರ್ಜೆಯ ಬೇರೆ ಹೋಟೆಲಿನಲ್ಲಿ ಕೋಣೆ ಮಾಡಿಕೊಡಿ, ಅದರ ಖರ್ಚನ್ನೂ ಕಾರಿನ ಖರ್ಚನ್ನೂ ಹೋಟೆಲೇ ಕೊಡಲಿ, ಮರುದಿನ ವಾಪಸ್ ಕರೆತನ್ನಿ. ಎಲ್ಲ ಸರಿ. ಆದರೆ ಆ ತಂದೆ ದನಿ ಏರಿಸಿದಾಗ ನೀವು ಎಷ್ಟು ಹೊತ್ತು ಸುಮ್ಮನಿರಬೇಕು? ಕ್ಷಮೆಯನ್ನು ಮೊದಲು ಹೇಳಬೇಕಾ, ಮಗುವನ್ನು ಮಲಗಿಸಲು ಸೋಫಾ ಮೊದಲು ತೋರಿಸಬೇಕಾ? ನಾನು ಕಂಡ ಒಳ್ಳೆಯ ನೈಟ್ ಮ್ಯಾನೇಜರ್ ಒಬ್ಬರು ಮಾತಿಗೆ ಮೊದಲು ಕೌಂಟರಿನ ಈಚೆ ಬರುತ್ತಿದ್ದರು. ಅತಿಥಿಗೂ ತಮಗೂ ನಡುವೆ ಮೇಜು ಇರದಂತೆ ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೇಳಿದರೆ, ಯಾರೂ ಹೇಳಿಕೊಡಲಿಲ್ಲ, ಹಾಗೇ ಬಂತು ಅಂದರು.

ಇನ್ನು ಕಾಲುಗಳ ವಿಷಯ. ಒಂದು ಶಿಫ್ಟ್ ಅಂದರೆ ಎಂಟೊಂಬತ್ತು ಗಂಟೆ, ಬಹುಪಾಲು ನಿಂತೇ. ಹಬ್ಬದ ದಿನ ಎಲ್ಲರಿಗೂ ರಜೆ, ಹೋಟೆಲಿನವರಿಗೆ ಅವತ್ತೇ ಜಾಸ್ತಿ ಕೆಲಸ. ಬ್ರೇಕ್ ಶಿಫ್ಟ್ ಇದ್ದರೆ ಬೆಳಿಗ್ಗೆ ಬಂದು, ಮಧ್ಯಾಹ್ನ ಬಿಡುವು, ಮತ್ತೆ ರಾತ್ರಿವರೆಗೆ. ಕಾಲೇಜಿಗೆ ಹೋಗಿ ಓದುವವರಿಗೆ ಇದು ಸಾಮಾನ್ಯವಾಗಿ ಐದಾರು ತಿಂಗಳ ಟ್ರೇನಿಂಗಿನಲ್ಲಿ ಗೊತ್ತಾಗುತ್ತದೆ. ಆಗಲೇ ಕೆಲವರು, ಇದು ನನಗಲ್ಲ ಅಂತ ಬಿಟ್ಟು ಹೋಗುತ್ತಾರೆ. ಅದು ಸೋಲಲ್ಲ. ತನ್ನನ್ನು ತಾನು ಬೇಗ ತಿಳಿದುಕೊಂಡ ಹಾಗೆ. ಮನೆಯಲ್ಲೇ ಕೂತು ಮೂರು ವರ್ಷ ಓದಿದವರಿಗೆ ಇದು ಗೊತ್ತಾಗುವುದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ. ಅಷ್ಟರಲ್ಲಿ ಮೂರು ವರ್ಷ ಕೈಬಿಟ್ಟಿರುತ್ತದೆ. ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ.

ಕೆಲವು ದೇಶಗಳ ಸರ್ಕಾರಗಳೂ ಈ ಬಗ್ಗೆ ಕಟ್ಟುನಿಟ್ಟಾಗಿವೆ. ಭಾರತದಲ್ಲಿ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ, ಮುಕ್ತ ಮತ್ತು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪದವಿ ಕೊಡಬಾರದ ವಿಷಯಗಳ ಪಟ್ಟಿ ಮಾಡಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಆರ್ಕಿಟೆಕ್ಚರ್ ಇರುವ ಆ ಪಟ್ಟಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್, ಕೇಟರಿಂಗ್ ಟೆಕ್ನಾಲಜಿ, ಕಲಿನರಿ ಸೈನ್ಸ್ ಮೂರೂ ಇವೆ. ಹಾಗಾಗಿ ಅಲ್ಲಿ ಯಾರಾದರೂ 'ದೂರಶಿಕ್ಷಣದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ' ಅಂತ ಸೀಟು ಮಾರುತ್ತಿದ್ದರೆ ಫೀಸು ಕಟ್ಟುವ ಮುಂಚೆ ನಿಲ್ಲಿ. ಯಾವ ಸಂಸ್ಥೆಗೆ ಯಾವ ಕೋರ್ಸ್ ನಡೆಸಲು ಅನುಮತಿ ಇದೆ ಅನ್ನುವುದು ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಸಂಸ್ಥೆಯ ಹೆಸರು ಇದ್ದರೆ ಸಾಲದು, ಆ ಕೋರ್ಸಿನ ಹೆಸರೂ ಇರಬೇಕು. ಈ ಗೊಂದಲಕ್ಕೆ ಒಂದು ಹಳೆಯ ಕಾರಣವೂ ಇದೆ. ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋ, ಹೋಟೆಲ್ ಮ್ಯಾನೇಜ್‌ಮೆಂಟಿನ ರಾಷ್ಟ್ರೀಯ ಮಂಡಳಿಯ ಜೊತೆ ಸೇರಿ ಹಲವು ವರ್ಷ ಬಿ.ಎಸ್ಸಿ. ಪದವಿ ಕೊಡುತ್ತಿತ್ತು. ಅದನ್ನು ಕೇಳಿದವರು, ದೂರಶಿಕ್ಷಣದಲ್ಲೂ ಇದೆಯಲ್ಲ ಅಂದುಕೊಂಡರು. ಆದರೆ ಆ ವಿದ್ಯಾರ್ಥಿಗಳು ದಿನಾ ಕಾಲೇಜಿಗೆ ಬಂದು ಅಡುಗೆಮನೆಯಲ್ಲಿ ನಿಂತವರು. ಮುಕ್ತ ವಿಶ್ವವಿದ್ಯಾಲಯದ್ದು ಮುಖ್ಯವಾಗಿ ಪದವಿ ಪತ್ರ ಕೊಡುವ ಪಾತ್ರ.

ಪ್ರವಾಸೋದ್ಯಮದ ಕೋರ್ಸಿಗೂ ಹೋಟೆಲ್ ಮ್ಯಾನೇಜ್‌ಮೆಂಟಿಗೂ ಇರುವ ವ್ಯತ್ಯಾಸ ಇಲ್ಲೇ ಹೇಳಿಬಿಡುತ್ತೇನೆ. ಟೂರಿಸಂ ಓದಿದವರಿಗೆ ಟ್ರಾವೆಲ್ ಕಚೇರಿ, ಪ್ರವಾಸ ಯೋಜನೆಯ ಕೆಲಸ ಹೊಂದುತ್ತದೆ. ಅದು ದೂರಶಿಕ್ಷಣಕ್ಕೆ ಹೆಚ್ಚು ಒಗ್ಗುವ ವಿಷಯವೂ ಹೌದು. ಎರಡೂ ಒಂದೇ ಅಂತ ಹೇಳಿ ಸೇರಿಸಿಕೊಳ್ಳುವವರಿದ್ದಾರೆ. ಒಂದೇ ಅಲ್ಲ.

ಹಾಗಾದರೆ ಪ್ರಾಯೋಗಿಕ ವಿಷಯವನ್ನು ದೂರದಿಂದ ಕಲಿಸುವುದು ಆಗದ ಮಾತಾ? ಆಗುತ್ತದೆ, ಕಲಿಸುವವರು ಮೈ ಬಗ್ಗಿಸಿದರೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ವಿಜ್ಞಾನದವರಿಗೆ ಪ್ರಯೋಗದ ಸಾಮಾನು ತುಂಬಿದ ಪೆಟ್ಟಿಗೆಗಳನ್ನೇ ಮನೆಗೆ ಕಳಿಸಿತು. ಅದರಲ್ಲಿ ಪುಟ್ಟ ಮೈಕ್ರೋಸ್ಕೋಪ್ ಕೂಡ ಇತ್ತು. ಜನ ಅಡುಗೆಮನೆಯ ಮೇಜಿನ ಮೇಲೆ ಪ್ರಯೋಗ ಮಾಡಿದರು. ಅಷ್ಟಕ್ಕೇ ನಿಲ್ಲಿಸದೆ, ಬೇಸಿಗೆಯಲ್ಲಿ ಬೇರೆ ವಿಶ್ವವಿದ್ಯಾಲಯಗಳ ಲ್ಯಾಬುಗಳಿಗೆ ಕರೆಸಿ ಒಂದು ವಾರ ಒಟ್ಟಿಗೆ ಉಳಿಸಿ ಕಲಿಸಿದರು. ಹೋಟೆಲ್ ವಿಷಯದಲ್ಲಿ ಪೆಟ್ಟಿಗೆ ಕಳಿಸಿದರೆ ಆಗುವುದಿಲ್ಲ, ಅತಿಥಿಯನ್ನು ಪೆಟ್ಟಿಗೆಯಲ್ಲಿ ಹಾಕಲು ಬರುವುದಿಲ್ಲ. ಆದರೆ ಕರೆಸಿಕೊಂಡು ಕಲಿಸುವುದು ಆಗುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡಿನ ವೃತ್ತಿಶಿಕ್ಷಣ ಇದನ್ನು ತಲೆಕೆಳಗು ಮಾಡಿ ನೋಡುತ್ತದೆ. ಅಲ್ಲಿ ಹುಡುಗರು ಮೊದಲು ಹೋಟೆಲಿಗೆ ಸೇರುತ್ತಾರೆ, ಸಂಬಳವನ್ನೂ ಪಡೆಯುತ್ತಾರೆ. ಶಾಲೆ ಇರುವುದು ವಾರದಲ್ಲಿ ಒಂದೆರಡು ದಿನ, ಇಲ್ಲವೇ ವರ್ಷದಲ್ಲಿ ಕೆಲವು ವಾರ ಒಟ್ಟಿಗೆ. ಹೋಟೆಲ್ ಮೊದಲು, ಪಾಠ ಆಮೇಲೆ. ಆ ಪಾಠದ ಭಾಗವನ್ನು ದೂರಶಿಕ್ಷಣಕ್ಕೆ ಕೊಟ್ಟರೆ ಕೆಡುವುದೇನೂ ಇಲ್ಲ ಅಂತ ನನ್ನ ಅಭಿಪ್ರಾಯ. ಇವತ್ತಿನ ದೂರಶಿಕ್ಷಣದ ಕೋರ್ಸುಗಳು ಎಡವುವುದು, ಪಾಠವನ್ನು ಮನೆಗೆ ಕಳಿಸಿ ಹೋಟೆಲನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಲಿ ಅಂತ ಬಿಡುವುದರಲ್ಲಿ.

ಆ ಎಡವಟ್ಟು ಹೇಗಿರುತ್ತದೆ ಅಂತ ಒಂದು ಉದಾಹರಣೆ. ಕೆಲಸ ಕೇಳಿಕೊಂಡು ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ. ಡಿಪ್ಲೊಮಾ ಇತ್ತು, ಅಂಕ ಚೆನ್ನಾಗಿತ್ತು. ಪ್ರಾಕ್ಟಿಕಲ್ ಎಲ್ಲಿ ಮಾಡಿದಿರಿ ಅಂದೆ. ಒಂದು ಭಾನುವಾರ ಕರೆಸಿದ್ದರಂತೆ. ಅರವತ್ತು ಜನ. ಮುಂದೆ ಒಬ್ಬರು ಟೇಬಲ್ ಜೋಡಿಸಿ ತೋರಿಸಿದರಂತೆ. ಇವನು ಹಿಂದಿನ ಸಾಲಿನಲ್ಲಿದ್ದ. ಅವನ ಲಾಗ್‌ಬುಕ್ಕಿನಲ್ಲಿ ಮಾತ್ರ ನೂರಾರು ಗಂಟೆಯ ತರಬೇತಿಗೆ ಸಹಿ ಬಿದ್ದಿತ್ತು. ಎಲ್ಲ ಪುಟದಲ್ಲೂ ಒಂದೇ ಪೆನ್ನು, ಒಂದೇ ಓರೆಯ ಸಹಿ, ಒಂದೇ ದಿನ ಕೂತು ಹಾಕಿದ್ದು ಗೊತ್ತಾಗುತ್ತಿತ್ತು. ಮೂರು ತಟ್ಟೆ ಎತ್ತಿಕೊಂಡು ಆ ಮೂಲೆಯವರೆಗೆ ಹೋಗಿ ಬನ್ನಿ ಅಂದೆ. ಅವನು ಎರಡೂ ಕೈಯಲ್ಲಿ ಒಂದೊಂದು ಹಿಡಿದು, ಮೂರನೆಯದನ್ನು ನೋಡುತ್ತಾ ನಿಂತ. ಮುಖ ಸಣ್ಣದಾಯಿತು. ತಪ್ಪು ಅವನದಲ್ಲ. ಅವನು ಕೊಟ್ಟ ಹಣ ನಿಜವಾದದ್ದು, ಓದಿದ ರಾತ್ರಿಗಳೂ ನಿಜವಾದವು. ಪುಸ್ತಕದ ಬದನೆಕಾಯಿ ಅಂತ ಆಡಿಕೊಳ್ಳುವುದು ಸುಲಭ. ಅದನ್ನು ಅವನ ಕೈಗಿಟ್ಟವರನ್ನು ಕೇಳಬೇಕು.

ಅದಕ್ಕೇ ಕೋರ್ಸಿಗೆ ಸೇರುವ ಮುಂಚೆ ಬ್ರೋಷರ್ ಬದಿಗಿಟ್ಟು ಲಾಗ್‌ಬುಕ್ಕಿನ ಬಗ್ಗೆ ಕೇಳಿ. ತರಬೇತಿ ಎಷ್ಟು ವಾರ? ಯಾವ ಹೋಟೆಲಿನಲ್ಲಿ? ಆ ಹೋಟೆಲಿನ ಜೊತೆ ಬರವಣಿಗೆಯಲ್ಲಿ ಒಪ್ಪಂದ ಇದೆಯಾ? ಸಹಿ ಹಾಕುವವರು ಯಾರು, ಪಾಠ ಮಾಡುವವರಾ, ಪಕ್ಕದಲ್ಲಿ ನಿಂತು ಕೆಲಸ ನೋಡಿದವರಾ? ಕಿಚನ್, ಸರ್ವಿಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ನಾಲ್ಕೂ ಕಡೆ ತಿರುಗಿಸುತ್ತಾರಾ, ಇಲ್ಲ ಆರು ತಿಂಗಳೂ ಗ್ಲಾಸ್ ಒರೆಸುವಲ್ಲೇ ನಿಲ್ಲಿಸುತ್ತಾರಾ? 'ಪ್ಲೇಸ್‌ಮೆಂಟ್ ಸಹಾಯ' ಅಂದರೆ ಕೆಲಸ ಕೊಡಿಸುವುದಲ್ಲ ಅನ್ನುವುದೂ ನೆನಪಿರಲಿ. ಹಿಂದೆ ಓದಿ ಮುಗಿಸಿದ ಇಬ್ಬರ ಜೊತೆ ಮಾತಾಡಿಸಿ ಅಂತ ಕೇಳಿ. ಒಳ್ಳೆಯ ಸಂಸ್ಥೆ ಖುಷಿಯಿಂದ ಮಾತಾಡಿಸುತ್ತದೆ. ವಿದೇಶದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಇನ್ನೂ ಒಂದು ವಿಚಾರಿಸಬೇಕು: ಆ ದೇಶದ ವೀಸಾ, ಕೆಲಸದ ಪರವಾನಗಿ ಕೊಡುವವರು ಈ ಪ್ರಮಾಣಪತ್ರವನ್ನು ಒಪ್ಪುತ್ತಾರಾ? ಇದನ್ನು ಕೋರ್ಸ್ ಮಾರುವವರ ಹತ್ತಿರ ಕೇಳಿ ಪ್ರಯೋಜನವಿಲ್ಲ.

ಹೋಟೆಲಿನವರು ಏನು ನೋಡುತ್ತಾರೆ ಅನ್ನುವುದಕ್ಕೆ ಉತ್ತರ ಚಿಕ್ಕದು. ಕೆಳಗಿನ ಹುದ್ದೆಗಳಿಗೆ ಪತ್ರಕ್ಕಿಂತ ಅನುಭವ ಮತ್ತು ನಡವಳಿಕೆ. ಮೇಲಿನ ಹುದ್ದೆಗಳಿಗೆ ಅನುಭವದ ಜೊತೆ ಪತ್ರ. ಮಧ್ಯದಲ್ಲಿ ಸಿಕ್ಕಿಕೊಂಡವರಿಗೆ, ಅಂದರೆ ಕೈ ಪಳಗಿದೆ ಆದರೆ ಪತ್ರ ಇಲ್ಲ ಅನ್ನುವವರಿಗೆ, ದೂರಶಿಕ್ಷಣ ಇರುವುದೇ ಅವರಿಗಾಗಿ ಅನ್ನಿಸುವಷ್ಟು ಹೊಂದುತ್ತದೆ. ಕಾರ್ನೆಲ್‌ನಂಥ ವಿಶ್ವವಿದ್ಯಾಲಯವೇ ಕೆಲಸದಲ್ಲಿರುವವರಿಗಾಗಿ ಆನ್‌ಲೈನಿನಲ್ಲಿ ಸಣ್ಣ ಸಣ್ಣ ಸರ್ಟಿಫಿಕೇಟ್ ಕೋರ್ಸುಗಳನ್ನು ನಡೆಸುತ್ತಿದೆ. ಆದಾಯ ನಿರ್ವಹಣೆ, ಹಣಕಾಸು, ಜನರನ್ನು ನಡೆಸುವುದು ಇಂಥವು. ಅಮೆರಿಕನ್ ಹೋಟೆಲ್ ಅಂಡ್ ಲಾಡ್ಜಿಂಗ್ ಎಜುಕೇಶನಲ್ ಇನ್‌ಸ್ಟಿಟ್ಯೂಟ್ ಕೂಡ ಕೆಲಸದಲ್ಲಿರುವ ಸೂಪರ್‌ವೈಸರ್‌ಗಳಿಗೆ, ಮ್ಯಾನೇಜರ್‌ಗಳಿಗೆ ಪ್ರಮಾಣಪತ್ರ ಕೊಡುತ್ತದೆ.

ಹದಿನೆಂಟರ ಹುಡುಗನಿಗೆ ನಾನು ಹೇಳುವುದು ಬೇರೆ. ಕಾಲೇಜಿಗೆ ಹೋಗುವ ಅನುಕೂಲ ಇದ್ದರೆ ಹೋಗು. ಇಲ್ಲದಿದ್ದರೆ ಮೊದಲು ಮೂರು ತಿಂಗಳು ಯಾವುದಾದರೂ ಹೋಟೆಲಿಗೆ ಸೇರು, ಎಷ್ಟೇ ಚಿಕ್ಕದಾಗಿರಲಿ. ಪಾತ್ರೆ ತೊಳೆಯುವ ಕೆಲಸವಾದರೂ ಸರಿ, ಅಲ್ಲಿಂದಲೇ ಇಡೀ ಅಡುಗೆಮನೆ ಕಾಣುತ್ತದೆ. ಹೆಸರಾಂತ ಅಡುಗೆಗಾರ ಎಸ್ಕೋಫಿಯೆ 13ನೇ ವಯಸ್ಸಿಗೆ ಸಂಬಂಧಿಕರ ರೆಸ್ಟೋರೆಂಟಿನಲ್ಲಿ ಕೆಲಸಕ್ಕೆ ಸೇರಿದವನು. ಅವನು ಪುಸ್ತಕ ಬರೆದದ್ದು ಎಷ್ಟೋ ವರ್ಷಗಳ ಮೇಲೆ. ಮೂರು ತಿಂಗಳಾದ ಮೇಲೂ ಬೆಳಿಗ್ಗೆ ಎದ್ದು ಹೋಗಬೇಕು ಅನ್ನಿಸಿದರೆ, ಆ ಕೆಲಸ ಬಿಡದೆ ಜೊತೆಗೆ ದೂರಶಿಕ್ಷಣಕ್ಕೆ ಸೇರು. ಹಗಲು ಕಂಡದ್ದಕ್ಕೆ ರಾತ್ರಿ ಹೆಸರು ಸಿಗುತ್ತದೆ. ಈ ಕ್ರಮ ತಿರುಗುಮುರುಗಾದರೆ ಹೆಸರುಗಳು ಮಾತ್ರ ಗೊತ್ತಿರುತ್ತವೆ.

ಹಾಗೆ ಹಗಲು ದುಡಿದು ರಾತ್ರಿ ಓದಿದ ಒಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಅರವತ್ತು ಕೋಣೆಗಳ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಹದಿನಾಲ್ಕು ವರ್ಷದ ಅನುಭವ. ಎರಡು ಮಕ್ಕಳು. ಕಾಲೇಜು ಅನ್ನುವುದು ಕನಸಿನ ಮಾತು. ಅವರ ದಿನದ ಗೋಳು ಒಂದೇ, ಬೆಡ್‌ಶೀಟ್ ಸಾಲುತ್ತಿರಲಿಲ್ಲ. ಲಾಂಡ್ರಿಯಿಂದ ಬರುವಷ್ಟರಲ್ಲಿ ಅತಿಥಿ ಬಂದಿರುತ್ತಿದ್ದರು. ಪ್ರತಿ ಮೀಟಿಂಗಿನಲ್ಲೂ "ಶೀಟ್ ಸಾಲ್ತಿಲ್ಲ ಸರ್" ಎನ್ನುತ್ತಿದ್ದರು. "ನೋಡೋಣಮ್ಮ" ಅನ್ನುವ ಉತ್ತರ ಬರುತ್ತಿತ್ತು.

ಅವರು ದೂರಶಿಕ್ಷಣದ ಒಂದು ಸರ್ಟಿಫಿಕೇಟ್ ಕೋರ್ಸಿಗೆ ಸೇರಿದರು. ಮೂರನೆಯ ಪಾಠದಲ್ಲಿ ಪಾರ್ ಸ್ಟಾಕ್ ಲೆಕ್ಕ ಬಂತು, ಅಂದರೆ ಕೆಲಸ ನಿಲ್ಲದಿರಲು ಯಾವಾಗಲೂ ಕೈಯಲ್ಲಿರಬೇಕಾದ ಸಾಮಾನಿನ ಲೆಕ್ಕ. ಒಂದು ಸೆಟ್ ಹಾಸಿಗೆಯ ಮೇಲೆ, ಒಂದು ಲಾಂಡ್ರಿಯಲ್ಲಿ, ಒಂದು ಕಪಾಟಿನಲ್ಲಿ, ಒಂದು ಆಪತ್ತಿಗೆ. ಒಟ್ಟು ನಾಲ್ಕು. ಮಕ್ಕಳು ಮಲಗಿದ ಮೇಲೆ ಅವರು ಮಗನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದರು: ಅರವತ್ತು ಕೋಣೆ, ಕೋಣೆಗೆ ಎರಡು ಶೀಟ್, ನಾಲ್ಕು ಸೆಟ್. ಬೇಕಾದದ್ದು 480. ಮರುದಿನ ಲಿನನ್ ರೂಮಿನಲ್ಲಿ, ಲಾಂಡ್ರಿಯಲ್ಲಿ, ಕೋಣೆಗಳಲ್ಲಿ ಕೂತು ಎಣಿಸಿದರು. ಹರಿದವನ್ನು ಬಿಟ್ಟು ಇದ್ದದ್ದು 310. ಕಡಿಮೆ ಬಿದ್ದದ್ದು 170.

ಮುಂದಿನ ಮೀಟಿಂಗಿಗೆ ಆ ಹಾಳೆಯನ್ನೇ ತೆಗೆದುಕೊಂಡು ಹೋದರು. ಜನರಲ್ ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿದರು. ಪರ್ಚೇಸ್‌ನವರ ಕಡೆ ತಿರುಗಿ, ಇದು ಯಾವಾಗ ಬರುತ್ತೆ ಅಂತ ಕೇಳಿದರು.